ಮರಳಿ ಬಾರದ ಕಟಲೀನಾ

ನಮ್ಮ ಶಾಲೆ ಕಂಡ ನೂರು ವರ್ಷಗಳಲ್ಲಿ ಎರಡನೆಯ ಮಹಾಯುದ್ಧದ ವರ್ಷಗಳೂ ಸೇರಿವೆ. ಆ ಯುದ್ಧವನ್ನು ಯುರೋಪಿನ ಸಂಗತಿಯೆಂದೇ ನಾವು ಓದುತ್ತ ಬಂದಿದ್ದೇವೆ. ಆದರೆ 1942ರ ಎಪ್ರಿಲ್ 6ರಂದು ಜಪಾನಿನ ಬಾಂಬುಗಳು ಬಿದ್ದುದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ. ಕಾಸರಗೋಡು ಅಂದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಊರುಗಳೂ ನಾವೂ ಒಂದೇ ಮದರಾಸು ಪ್ರಾಂತದವರು. ಮದರಾಸಿನ ಸರಕಾರಿ ಕಚೇರಿಗಳು ಒಳನಾಡಿಗೆ ಸಾಗಿದವು. ಜನ ಊರು ಬಿಟ್ಟರು. ಬಾಂಬು ಬಿದ್ದು ಪಂಜರ ಒಡೆದರೆ ಅನರ್ಥವಾದೀತೆಂದು ಮೃಗಾಲಯದ ಸಿಂಹಗಳನ್ನು ಗುಂಡಿಕ್ಕಿ ಕೊಂದರು.

ಆ ದಾಳಿ ನಡೆಸಿದ್ದು ಜಪಾನಿನ ಚಿಕ್ಕ ಪಡೆ. ಅಡ್ಮಿರಲ್ ನಗುಮೊನ ದೊಡ್ಡ ಪಡೆ, ಐದು ವಿಮಾನವಾಹಕ ಹಡಗುಗಳೊಡನೆ, ಸಿಂಹಳದತ್ತ ಹೊರಟಿತ್ತು. ಅದನ್ನು ಮೊದಲು ಕಂಡವರು ಒಂದು ಕಟಲೀನಾ ವಿಮಾನದ ಒಂಬತ್ತು ಮಂದಿ.

ಕಟಲೀನಾ ನೀರಿನ ಮೇಲೆ ಇಳಿದು ಏಳಬಲ್ಲ ಹಾರುದೋಣಿ. ದಿನವಿಡೀ ಹಾರುವ ಶಕ್ತಿಯಿದ್ದರೂ ವೇಗ ಕಡಿಮೆ. ಕೆನಡಾ ವಾಯುಪಡೆಯ 413ನೆಯ ಸ್ಕ್ವಾಡ್ರನ್ ಗಾಲೆಯ ಬಳಿಯ ಕೊಗ್ಗಲ ಸರೋವರಕ್ಕೆ ಆಗಷ್ಟೇ ಬಂದಿತ್ತು. ಎಪ್ರಿಲ್ 4ರ ನಸುಕಿನಲ್ಲಿ ಲಿಯೊನಾರ್ಡ್ ಬರ್ಚಾಲ್ ಅವರ ನಾಯಕತ್ವದಲ್ಲಿ ವಿಮಾನ ಹೊರಟಿತು. ಸಂಜೆಯ ಹೊತ್ತಿಗೆ, ಸಿಂಹಳದಿಂದ ಐನೂರು ಕಿಲೋಮೀಟರಿಗೂ ದೂರದಲ್ಲಿ, ದಿಗಂತದಲ್ಲಿ ಹಡಗುಗಳ ಸುಳಿವು ಸಿಕ್ಕಿತು. ಯಾರ ಹಡಗುಗಳೆಂದು ತಿಳಿಯಲು ಸಮೀಪಿಸಲೇಬೇಕು. ಸಮೀಪಿಸಿದಷ್ಟೂ ಹಡಗುಗಳ ಸಂಖ್ಯೆ ಹೆಚ್ಚುತ್ತ ಹೋಯಿತು. ಅಷ್ಟರಲ್ಲಿ ಜೀರೋ ಯುದ್ಧವಿಮಾನಗಳು ಎರಗಿದವು. ನಿಸ್ತಂತು ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತಿದ್ದಂತೆ ಯಂತ್ರಕ್ಕೇ ಗುಂಡು ತಗಲಿತು. ವಿಮಾನ ಕಡಲಿಗೆ ಬಿತ್ತು. ನೀರಿನಲ್ಲಿ ತೇಲುತ್ತಿದ್ದವರ ಮೇಲೂ ಗುಂಡಿನ ಮಳೆ ನಿಲ್ಲಲಿಲ್ಲ. ಕೊಲರೋಸಿ, ಡೇವಿಡ್‌ಸನ್, ಹೆನ್ಜೆಲ್ ಎಂಬ ಮೂವರು ಮಡಿದರು. ಉಳಿದ ಆರು ಮಂದಿಯನ್ನು ಜಪಾನಿ ಹಡಗೊಂದು ಎತ್ತಿಕೊಂಡಿತು.

ಸಂದೇಶ ಕಳುಹಿಸಲಿಲ್ಲವೆಂದು ಬರ್ಚಾಲ್ ಸಾಧಿಸಿದರು. ಅದನ್ನು ಪುನಃ ಕಳುಹಿಸಿರೆಂದು ಕೊಲಂಬೊ ಕೇಳಿದ್ದು ಶತ್ರುವಿನ ಕಿವಿಗೆ ಬಿತ್ತೆಂದೂ, ಆಮೇಲಿನ ಹೊಡೆತ ಇನ್ನೂ ಭೀಕರವಾಯಿತೆಂದೂ ಅವರೇ ಮುಂದೆ ಹೇಳಿದ್ದಾರೆ.

ಅವರಿಗೆ ‘ಸಿಂಹಳದ ರಕ್ಷಕ’ನೆಂಬ ಬಿರುದು ಬಂತು. ಅವರ ಧೈರ್ಯಕ್ಕೆ ಬಿರುದು ತಕ್ಕದ್ದೇ, ಆದರೆ ಇತಿಹಾಸ ಅಷ್ಟು ಸರಳವಲ್ಲವೆಂದು ನಮಗನಿಸುತ್ತದೆ. ಆ ಸಲ ಜಪಾನಿನ ಗುರಿ ಬ್ರಿಟಿಷ್ ನೌಕಾಬಲವನ್ನು ಮುರಿಯುವುದೇ ಹೊರತು ದ್ವೀಪವನ್ನು ಗೆಲ್ಲುವುದಲ್ಲ. ದಾಳಿಯಾಗಬಹುದೆಂಬ ಸೂಚನೆ ಬ್ರಿಟಿಷರಿಗೆ ಮೊದಲೇ ಇತ್ತು. ಕಟಲೀನಾ ತಿಳಿಸಿದ್ದು ದಿನವನ್ನು, ದಿಕ್ಕನ್ನು. ಕೊಲಂಬೊ ಬಂದರಿನಿಂದ ಹಡಗುಗಳನ್ನು ಚದುರಿಸಿದ್ದರಿಂದ ಮರುದಿನದ ಈಸ್ಟರ್ ಭಾನುವಾರ ನಾಶ ತಗ್ಗಿತು. ಹಾಗಿದ್ದೂ ಶತ್ರುವಿಮಾನಗಳು ಬಂದಾಗ ರತ್ಮಲಾನದ ರಕ್ಷಣಾ ವಿಮಾನಗಳು ಇನ್ನೂ ನೆಲದ ಮೇಲಿದ್ದವು. ಎಚ್ಚರಿಕೆ ತಲಪಿದ ರಾತ್ರಿಯೇ ಬಂದರು ಬಿಟ್ಟ ಡಾರ್ಸೆಟ್‌ಶೈರ್, ಕಾರ್ನ್‌ವಾಲ್ ಎಂಬ ಯುದ್ಧನೌಕೆಗಳು ನಡುಗಡಲಿನಲ್ಲಿ ಮುಳುಗಿ 424 ಮಂದಿ ಸತ್ತರು.

ಬರ್ಚಾಲ್ ಸೆರೆಶಿಬಿರಗಳಲ್ಲಿ ರೋಗಿಗಳ ಪರವಾಗಿ ಕಾವಲುಗಾರರನ್ನು ಎದುರಿಸಿ ನಿಂತು, 1945ರಲ್ಲಿ ಬಿಡುಗಡೆಯಾಗಿ, 2004ರವರೆಗೆ ಬಾಳಿದರು. ಬದುಕಿ ಬಂದುದರಿಂದಲೇ ಆ ಸಂಜೆಯ ಕಥೆ ನಮ್ಮವರೆಗೆ ತಲಪಿತು. ಐದು ದಿನ ಕಳೆದು, ಎಪ್ರಿಲ್ 9ರಂದು, ಅದೇ ಸ್ಕ್ವಾಡ್ರನ್ನಿನ ಇನ್ನೊಂದು ಕಟಲೀನಾ ತ್ರಿಂಕೋಮಲಿಯ ದಾಳಿಗೆ ಬಂದಿದ್ದ ಅದೇ ಪಡೆಯನ್ನು ಕಂಡಿತು. ಅದರ ನಾಯಕ ರೇ ಥಾಮಸ್. ಸಂದೇಶ ನಡುವೆಯೇ ಕಡಿದುಹೋಯಿತು. ಆ ವಿಮಾನದಿಂದ ಒಬ್ಬರೂ ಹಿಂದಿರುಗಲಿಲ್ಲ.