ಚಲನೆ ಅಳೆಯುವ ಕಾಂತೀಯ ಸಂವೇದಕಗಳು

ತಿರುಗುವ ಇಲ್ಲವೆ ಸರಿಯುವ ಯಂತ್ರಭಾಗದ ವೇಗ, ಸ್ಥಾನ, ಕಂಪನಗಳನ್ನು ಕಾಂತಕ್ಷೇತ್ರದ ಏರಿಳಿತದಿಂದ ಅರಿತು ವಿದ್ಯುತ್ ಸಂಕೇತವಾಗಿ ಕೊಡುವ ಸಾಧನಗಳು. ಅಳೆಯುವ ಭಾಗವನ್ನು ಇವು ಮುಟ್ಟುವುದಿಲ್ಲವಾದ್ದರಿಂದ ಸವೆತವಿಲ್ಲ. ಎಣ್ಣೆ, ದೂಳು, ಹಬೆಗಳ ನಡುವೆಯೂ ಕೆಲಸ ಮಾಡುತ್ತವೆ.

ಆರಂಭ: ಬದಲಾಗುವ ಕಾಂತಕ್ಷೇತ್ರ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಮ್ಯಾಗ್ನೆಟಿಕ್ ಪಿಕಪ್ ನಿಂತಿರುವುದು ಈ ತತ್ತ್ವದ ಮೇಲೆ. ಅಯಸ್ಕಾಂತಕ್ಕೆ ಸುರುಳಿ ಸುತ್ತಿ ಹಲ್ಲುಚಕ್ರದ ಎದುರು ಕೂಡಿಸಿದರೆ, ಕಬ್ಬಿಣದ ಒಂದೊಂದು ಹಲ್ಲು ಹಾದಾಗಲೂ ಒಂದು ಮಿಡಿತ ಬರುತ್ತದೆ. ಚಕ್ರಕ್ಕೆ 60 ಹಲ್ಲುಗಳಿದ್ದರೆ, ಸೆಕೆಂಡಿಗೆ ಬರುವ ಮಿಡಿತಗಳ ಸಂಖ್ಯೆಯೇ ನಿಮಿಷಕ್ಕೆ ಆಗುವ ಸುತ್ತುಗಳ ಸಂಖ್ಯೆ. ಆದರೆ ವೇಗ ತಗ್ಗಿದಂತೆ ಮಿಡಿತವೂ ಕುಂದುತ್ತದೆ. ನಿಂತ ಚಕ್ರವನ್ನು ಪಿಕಪ್ ಕಾಣಲಾರದು.

ಹಾಲ್ ಪರಿಣಾಮ: ಈ ಕೊರತೆಯನ್ನು ನೀಗಿಸುವ ತತ್ತ್ವ 1879ರಲ್ಲೇ ದೊರೆತಿತ್ತು. ವಿದ್ಯುತ್ ಹರಿಯುವ ಚಿನ್ನದ ತೆಳುಹಾಳೆಯನ್ನು ಕಾಂತಕ್ಷೇತ್ರದಲ್ಲಿ ಇಟ್ಟಾಗ, ಕ್ಷೇತ್ರ ಬದಲಾಗದಿದ್ದರೂ, ಹಾಳೆಯ ಅಡ್ಡಕ್ಕೆ ವೋಲ್ಟೇಜ್ ಮೂಡುವುದನ್ನು ಅಮೆರಿಕದ ಎಡ್ವಿನ್ ಹಾಲ್ ಕಂಡ. ಆ ವೋಲ್ಟೇಜ್ ಅತಿ ಅಲ್ಪವಾಗಿದ್ದರಿಂದ ಅದು ಯಂತ್ರಗಳ ಬಳಕೆಗೆ ಬರಲು ಅರೆವಾಹಕಗಳೇ ಬೇಕಾದವು. 1960ರ ದಶಕದ ಕೊನೆಗೆ ಹಾಲ್ ಅಂಶವೂ ವರ್ಧಕವೂ ಒಂದೇ ಸಿಲಿಕಾನ್ ಚಿಪ್ಪಿನಲ್ಲಿ ಸೇರಿದವು. ಇಂದು ವಿದ್ಯುತ್ ಸ್ಕೂಟರಿನ ಮೋಟರಿನಲ್ಲಿ ರೋಟರಿನ ಸ್ಥಾನ ತಿಳಿಸಲು ಹಾಲ್ ಸಂವೇದಕಗಳು ಹೆಚ್ಚಾಗಿ ಬಳಕೆಯಲ್ಲಿವೆ. 1988ರಲ್ಲಿ ಕಂಡುಬಂದ ದೈತ್ಯ ಕಾಂತರೋಧವು (ಕಾಂತಕ್ಷೇತ್ರದಲ್ಲಿ ವಿದ್ಯುತ್ ರೋಧ ಬಹಳವಾಗಿ ಬದಲಾಗುವ ಪರಿಣಾಮ) ಇನ್ನೂ ಸೂಕ್ಷ್ಮ ಸಂವೇದಕಗಳಿಗೆ ದಾರಿಮಾಡಿತು. ಅದಕ್ಕಾಗಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ 2007ರ ನೊಬೆಲ್ ಪಡೆದರು.

ಕರ್ನಾಟಕದಲ್ಲಿ: ಮುರಗೋಡ, ಬೈಲಹೊಂಗಲ, ಸವದತ್ತಿ ಸುತ್ತಿನದು ಕಬ್ಬಿನ ಸೀಮೆ; ಮುನವಳ್ಳಿ, ಎಂ.ಕೆ. ಹುಬ್ಬಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಸಿಪ್ಪೆ ಉರಿಸಿ ವಿದ್ಯುತ್ ತೆಗೆಯುವ ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಹಬೆ ಟರ್ಬೈನುಗಳನ್ನು ಬೆಂಗಳೂರಿನ ತ್ರಿವೇಣಿ ಟರ್ಬೈನ್ ಸಂಸ್ಥೆ ತಯಾರಿಸುತ್ತದೆ. ಜನರೇಟರಿನ ಹೊರೆ ತಟ್ಟನೆ ಕಳಚಿದರೆ ಟರ್ಬೈನಿನ ವೇಗ ಕ್ಷಣದಲ್ಲಿ ಮಿತಿ ಮೀರಬಲ್ಲದು. ಅದಕ್ಕಾಗಿ ಇಂಥ ಟರ್ಬೈನುಗಳಿಗೆ ಸಾಮಾನ್ಯವಾಗಿ ಮೂರು ವೇಗ ಸಂವೇದಕಗಳನ್ನು ಜೋಡಿಸುತ್ತಾರೆ. ಎರಡು ಅತಿವೇಗವೆಂದು ಹೇಳಿದರೆ ಹಬೆ ನಿಲ್ಲುತ್ತದೆ. ಒಂದು ಕೆಟ್ಟಿತೆಂದು ಯಂತ್ರ ಸುಮ್ಮನೆ ನಿಲ್ಲುವುದಿಲ್ಲ, ಅಪಾಯವೂ ಕಣ್ತಪ್ಪುವುದಿಲ್ಲ.

ರಸ್ತೆಯ ಮೇಲೂ ಇದೇ ತಂತ್ರ ಜೀವ ಕಾಯುತ್ತದೆ. 125 ಸಿಸಿ ಮೀರಿದ ದ್ವಿಚಕ್ರಗಳಿಗೆ ಭಾರತ ಸರಕಾರ ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಕಡ್ಡಾಯ ಮಾಡಿತು: ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಉಳಿದವಕ್ಕೆ 2019ರ ಏಪ್ರಿಲ್‌ನಿಂದ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳುತ್ತಿದೆಯೇ ಎಂದು ತಿಳಿಸುವುದು ಚಕ್ರದ ಪಕ್ಕದ ಕಾಂತೀಯ ಸಂವೇದಕ.

ನಿರ್ವಹಣೆ: ಸಂವೇದಕದ ತುದಿಗೂ ಹಲ್ಲಿಗೂ ನಡುವಿನ ಅಂತರ ಸಾಮಾನ್ಯವಾಗಿ ಮಿಲಿಮೀಟರಿನ ಆಸುಪಾಸು. ಅದು ಹೆಚ್ಚಿದರೆ ಸಂಕೇತ ಕುಗ್ಗುತ್ತದೆ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿದರೆ ಮಿಡಿತ ತಪ್ಪಬಹುದು. ದೂಳಿಗೆ ಅಂಜದ ಈ ಸಾಧನವನ್ನೂ ಆಗಾಗ ಬಿಚ್ಚಿ, ಒರೆಸಿ, ಅಂತರ ಸರಿಪಡಿಸಿ ಕೂಡಿಸಲೇಬೇಕು.