ಪಿಚ್ ಮೆನುವಿನ ಹಿಂದಿರೋ ಕೈಗಳು

ಭಾಗ 1

ಪಿಚ್ ಅಂದ್ರೆ ನಮಗೆಲ್ಲ ಎರಡು ವಿಕೆಟ್ ನಡುವಿನ 22 ಗಜ ನೆಲ. ಬೇಸ್‌ಬಾಲ್‌ನಲ್ಲಿ ಪಿಚ್ ಅಂದ್ರೆ ಎಸೆತ, ಎಸೆಯೋನು ಪಿಚರ್. ಇಷ್ಟು ಗೊತ್ತಿದ್ರೆ ಸಾಕು, ಒಂದು ಮ್ಯಾಚೂ ನೋಡದೇ ಇರೋರು ಕೂಡ ಈ ಸರಣಿ ಓದಬಹುದು.

'ಎಂಎಲ್‌ಬಿ ದಿ ಶೋ' ಗೇಮ್‌ನಲ್ಲಿ ನಿಮ್ಮದೇ ಒಬ್ಬ ಪಿಚರ್‌ನ ಮಾಡ್ಕೊಳ್ಳುವಾಗ ಒಂದು ಪಟ್ಟಿ ತೆರೆದುಕೊಳ್ಳುತ್ತೆ. ಫಾಸ್ಟ್‌ಬಾಲ್, ಕರ್ವ್, ಸ್ಲೈಡರ್, ಸ್ಪ್ಲಿಟರ್, ಸ್ಕ್ರೂಬಾಲ್, ನಕಲ್‌ಬಾಲ್, ಹೀಗೆ. ಎಲ್ಲಾ ತಗೊಳ್ಳೋಕಾಗಲ್ಲ, ಜಾಗ ಇರೋದು ಬೆರಳೆಣಿಕೆಯಷ್ಟು. ಯಾವುದು ಬೆಸ್ಟ್ ಅಂತ ಯಾರನ್ನ ಕೇಳಿದ್ರೂ ವೇಗ, ತಿರುವು, ನಿಯಂತ್ರಣ ಅಂತ ನಂಬರ್ ತೋರಿಸ್ತಾರೆ. ನನ್ನ ಲೆಕ್ಕ ಬೇರೆ. ಈ ಎಸೆತ ಯಾರ ಕೈಲಿತ್ತು, ಅದಕ್ಕೆ ಅವನು ಏನು ತೆತ್ತ ಅಂತ ನೋಡಿ ಆರಿಸ್ತೀನಿ. ಬಿಕಾಂ ಓದೋರ ಚಟ ಇದು: ಒಂದು ಕಡೆ ಕ್ರೆಡಿಟ್ ಕಂಡ್ರೆ ಡೆಬಿಟ್ ಎಲ್ಲಿ ಅಂತ ಕಣ್ಣು ಹುಡುಕುತ್ತೆ.

ಮೊದಲಿನ ಗೇಮ್‌ಗಳಲ್ಲಿ ಇಷ್ಟೆಲ್ಲ ಹೆಸರೇ ಇರ್ಲಿಲ್ಲ. 1983ರ ನಿಂಟೆಂಡೋ 'ಬೇಸ್‌ಬಾಲ್'ನಲ್ಲಿ ಬಟನ್ ಒತ್ತುವಾಗ ಒಂದು ದಿಕ್ಕು ಹಿಡಿದ್ರೆ ಚೆಂಡು ಜೋರಾಗಿ, ಇಲ್ಲ ನಿಧಾನವಾಗಿ, ಇಲ್ಲ ಎಡಕ್ಕೋ ಬಲಕ್ಕೋ ಹೋಗ್ತಿತ್ತು. ಅಷ್ಟೇ. ಆಮೇಲೆ ಬಂದ 'ಆರ್‌ಬಿಐ ಬೇಸ್‌ಬಾಲ್'ನಲ್ಲಂತೂ ಕೈಬಿಟ್ಟ ಚೆಂಡನ್ನ ಗಾಳಿಯಲ್ಲೇ ಓಡಿಸಬಹುದಿತ್ತು, ಕಾರ್ ಓಡಿಸಿದ ಹಾಗೆ. ಮಜಾ ಇತ್ತು, ಇತಿಹಾಸ ಇರ್ಲಿಲ್ಲ. ಒಂದೊಂದು ಎಸೆತಕ್ಕೂ ಅದರದ್ದೇ ಹೆಸರು ಬಂದ ಮೇಲೆ ಮೆನು ಓದೋದೇ ಒಂದು ಕೆಲಸ ಆಯ್ತು.

ಭಾಗ 2: ಕರ್ವ್

1863, ಬ್ರೂಕ್ಲಿನ್. ಹದಿನಾಲ್ಕು ವರ್ಷದ ಹುಡುಗ, ಹೆಸರು ವಿಲಿಯಂ ಆರ್ಥರ್ ಕಮಿಂಗ್ಸ್. ಗೆಳೆಯರ ಜೊತೆ ಕಡಲತೀರದಲ್ಲಿ ಚಿಪ್ಪು ಎಸೀತಿದ್ದ. ಚಿಪ್ಪು ಗಾಳಿಯಲ್ಲಿ ಬಾಗಿ ಹೋಗೋದು ಕಂಡು, ಚೆಂಡನ್ನೂ ಹೀಗೆ ಬಾಗಿಸೋಕಾಗುತ್ತಾ ಅಂತ ತಲೆಗೆ ಹುಳ ಬಿಟ್ಕೊಂಡ. ವರ್ಷಗಟ್ಟಲೆ ಒದ್ದಾಡಿ, 1867ರಲ್ಲಿ ಹಾರ್ವರ್ಡ್ ತಂಡದ ಎದುರು ಆ ಎಸೆತ ಕೈಗೆ ಹತ್ತಿತು. ಇದು ಅವನೇ ವಯಸ್ಸಾದ ಮೇಲೆ ಬರೆದುಕೊಂಡ ಕತೆ. ಫ್ರೆಡ್ ಗೋಲ್ಡ್‌ಸ್ಮಿತ್ ಅನ್ನೋ ಇನ್ನೊಬ್ಬ ಪಿಚರ್ "ಮೊದಲು ಎಸೆದಿದ್ದು ನಾನು" ಅಂತ ಹಕ್ಕು ಸಾಧಿಸ್ತಿದ್ದ. ಹಾಲ್ ಆಫ್ ಫೇಮ್ 1939ರಲ್ಲಿ ಕಮಿಂಗ್ಸ್ ಪಕ್ಷಕ್ಕೆ ನಿಂತಿತು.

ತಮಾಷೆ ಏನಂದ್ರೆ, ಚೆಂಡು ನಿಜವಾಗ್ಲೂ ಬಾಗುತ್ತಾ ಅಥವಾ ಕಣ್ಣಿಗೆ ಹಾಗೆ ಕಾಣುತ್ತಾ ಅನ್ನೋ ಜಗಳ 1940ರ ದಶಕದಲ್ಲೂ ಅಮೆರಿಕದ ಪತ್ರಿಕೆಗಳಲ್ಲಿ ನಡೀತಾನೇ ಇತ್ತು. 1959ರಲ್ಲಿ ಲೈಮನ್ ಬ್ರಿಗ್ಸ್ ಅನ್ನೋ ಎಂಬತ್ತು ದಾಟಿದ ಭೌತವಿಜ್ಞಾನಿ ವಾಷಿಂಗ್ಟನ್ ತಂಡದ ಪಿಚರ್‌ಗಳಿಂದ ಎಸೆಸಿ, ಗಾಳಿ ಸುರಂಗದಲ್ಲೂ ಪರೀಕ್ಷೆ ಮಾಡಿ, ಚೆಂಡು 17.5 ಇಂಚಿನವರೆಗೂ ಬಾಗುತ್ತೆ ಅಂತ ತೋರಿಸಿದ. ಚೆಂಡು ಮುಂದಕ್ಕೆ ಉರುಳೋ ಥರ ತಿರುಗಿದ್ರೆ ಗಾಳಿ ಅದನ್ನ ಕೆಳಕ್ಕೆ ತಳ್ಳುತ್ತೆ. ನಮ್ಮ ಸ್ಪಿನ್ನರ್‌ಗಳ ಚೆಂಡು ಡಿಪ್ ಆಗೋದೂ ಇದೇ ಕಾರಣಕ್ಕೆ. ಗೇಮ್‌ನಲ್ಲಿ '12-6 ಕರ್ವ್' ಅಂತ ಇರುತ್ತಲ್ಲ, ಅದು ಗಡಿಯಾರದ ಲೆಕ್ಕ: ಹನ್ನೆರಡರ ಜಾಗದಿಂದ ಆರರ ಜಾಗಕ್ಕೆ ನೇರ ಇಳಿಯೋದು.

ಆದ್ರೆ ಕರ್ವ್ ಆರಿಸುವಾಗ ನನಗೆ ನೆನಪಾಗೋದು ಕಮಿಂಗ್ಸ್ ಅಲ್ಲ, ಮಾರ್ಡೆಕೈ ಬ್ರೌನ್. ಇಂಡಿಯಾನಾದ ರೈತರ ಮನೆ ಹುಡುಗ. ಚಿಕ್ಕವನಿದ್ದಾಗ ಬಲಗೈ ಮೇವು ಕತ್ತರಿಸೋ ಯಂತ್ರಕ್ಕೆ ಸಿಕ್ಕಿ ತೋರುಬೆರಳು ಬಹುಪಾಲು ಹೋಯ್ತು. ಗಾಯ ಮಾಯೋ ಮುಂಚೆ ಬಿದ್ದು ಉಳಿದ ಬೆರಳೂ ಮುರ್ಕೊಂಡ, ಅವು ಸೊಟ್ಟಗೇ ಕೂಡಿಕೊಂಡವು. ಕಲ್ಲಿದ್ದಲು ಗಣಿಯಲ್ಲಿ ದುಡಿದ. ಆಮೇಲೆ ಅದೇ ಸೊಟ್ಟ ಕೈಯಿಂದ ಎಸೆದ ಕರ್ವ್ ಬೇರೆ ಯಾರ ಕೈಯಿಂದಲೂ ಬರದ ಹಾಗೆ ಇಳೀತಿತ್ತು. ಶಿಕಾಗೋ ಕಬ್ಸ್ 1907, 1908ರಲ್ಲಿ ಸತತ ಎರಡು ವರ್ಲ್ಡ್ ಸೀರೀಸ್ ಗೆದ್ದಾಗ ತಂಡದ ದೊಡ್ಡ ಪಿಚರ್ ಅವನೇ. ಪೋಲಿಯೋ ಬಡಿದ ಬಲಗೈಯಿಂದಲೇ 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ತೆಗೆದ ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಕತೆ ಗೊತ್ತಿರೋರಿಗೆ ಬ್ರೌನ್ ಹೊಸಬ ಅನ್ಸಲ್ಲ.

ಭಾಗ 3: ಮೆನುವಿನಲ್ಲಿ ಇಲ್ಲದ್ದು

ಪಟ್ಟಿ ಎಷ್ಟೇ ಕೆಳಗೆ ಸ್ಕ್ರೋಲ್ ಮಾಡಿ, ಸ್ಪಿಟ್‌ಬಾಲ್ ಸಿಗಲ್ಲ. ಹೆಸರೇ ಹೇಳುತ್ತೆ: ಎಂಜಲು ಹಚ್ಚಿದ ಚೆಂಡು. ಎಂಜಲೋ ತಂಬಾಕಿನ ರಸವೋ ಹಚ್ಚಿದ್ರೆ ಚೆಂಡು ಬೆರಳಿಂದ ಜಾರಿ, ಕಡಿಮೆ ತಿರುಗಿ, ಕೊನೇ ಗಳಿಗೆಯಲ್ಲಿ ಕುಸಿಯುತ್ತೆ. ಒಂದು ಕಾಲದಲ್ಲಿ ಇದು ಪೂರ್ತಿ ಕಾನೂನುಬದ್ಧ.

1920 ಆಗಸ್ಟ್ 16, ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಯಾಂಕೀಸ್‌ನ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ತಲೆಗೆ ಬಡೀತು. ಮಾರನೇ ದಿನ ಬೆಳಗ್ಗೆ ಚಾಪ್‌ಮನ್ ತೀರಿಕೊಂಡ. ಮೇಜರ್ ಲೀಗ್ ಪಂದ್ಯದಲ್ಲಿ ಎಸೆತ ಬಡಿದು ಸತ್ತ ಆಟಗಾರ ಇವತ್ತಿಗೂ ಅವನೊಬ್ಬನೇ. ಈ ಸಾವಿನಿಂದಲೇ ಸ್ಪಿಟ್‌ಬಾಲ್ ನಿಷೇಧ ಆಯ್ತು ಅಂತ ರೀಲ್‌ಗಳಲ್ಲಿ ಹೇಳ್ತಾರೆ. ಹಾಗಲ್ಲ. ನಿಷೇಧದ ನಿಯಮ ಅದೇ ವರ್ಷ ಫೆಬ್ರವರಿಯಲ್ಲೇ ಬಂದಿತ್ತು, ಮೇಸ್ ಎಸೆದದ್ದು ಸ್ಪಿಟ್‌ಬಾಲ್ ಅನ್ನೋದಕ್ಕೆ ಪುರಾವೆಯೂ ಇಲ್ಲ. ಸಾವು ಬದಲಾಯಿಸಿದ್ದು ಬೇರೆ: ಮಣ್ಣು, ಎಂಜಲು ಹತ್ತಿ ಕಪ್ಪಾದ ಚೆಂಡಲ್ಲೇ ಆಟ ಎಳೆಯೋ ಜಿಪುಣತನ ನಿಂತಿತು. ಅಂಪೈರ್‌ಗಳು ಕೊಳೆಯಾದ ಚೆಂಡನ್ನ ಪದೇಪದೇ ಬದಲಾಯಿಸೋಕೆ ಶುರು ಮಾಡಿದ್ರು. ಹೊಸ ಚೆಂಡಿಗೆ ಕಾಸು ಖರ್ಚಾಗುತ್ತೆ ಅಂತ ಅಲ್ಲಿವರೆಗೂ ಕೈ ಹಿಡೀತಿದ್ರು ಅನ್ನೋದು ಯೋಚನೆ ಮಾಡಿ. ಹೆಲ್ಮೆಟ್ ಕಡ್ಡಾಯ ಆಗೋಕೆ ಮಾತ್ರ ಇನ್ನೂ ದಶಕಗಳು ಹಿಡಿದವು.

ಈ ಎಸೆತದಿಂದಲೇ ಹೊಟ್ಟೆ ಹೊರೀತಿದ್ದ 17 ಪಿಚರ್‌ಗಳಿಗೆ ನಿವೃತ್ತಿವರೆಗೂ ವಿನಾಯಿತಿ ಕೊಟ್ರು. ಅವರಲ್ಲಿ ಕೊನೆಯವನು ಬರ್ಲೀ ಗ್ರೈಮ್ಸ್, 1934ರವರೆಗೂ ಆಡಿದ. ಆಮೇಲೆ ಕದ್ದು ಎಸೆದವರು ಬೇಕಾದಷ್ಟು ಜನ. ಗೇಲಾರ್ಡ್ ಪೆರಿ ಆಡ್ತಿರುವಾಗಲೇ, 1974ರಲ್ಲಿ, ಅದರ ಬಗ್ಗೆ ಪುಸ್ತಕ ಬರೆದ. ಮೈದಾನದಿಂದ ಹೊರಗೆ ಹಾಕಿಸಿಕೊಂಡಿದ್ದು 1982ರಲ್ಲಿ. ಅಷ್ಟು ಧೈರ್ಯ!

ಭಾಗ 4: ಸ್ಕ್ರೂಬಾಲ್

ಕರ್ವ್ ಹೋಗೋ ಕಡೆಗೆ ಉಲ್ಟಾ ಹೋಗೋದು ಇದು. ಹಾಗೆ ಎಸೀಬೇಕಂದ್ರೆ ಕೈಯನ್ನ ಹೊರಗಡೆಗೆ ತಿರುಚಬೇಕು. ಈಗ್ಲೇ ಒಂದ್ಸಲ ಖಾಲಿ ಕೈಲಿ ತಿರುಚಿ ನೋಡಿ, ಮೊಣಕೈ ಏನು ಹೇಳುತ್ತೆ ಅಂತ.

ಕಾರ್ಲ್ ಹಬಲ್ ಎಡಗೈ ಪಿಚರ್, ನ್ಯೂಯಾರ್ಕ್ ಜೈಂಟ್ಸ್‌ನವನು. 1934ರ ಆಲ್‌ಸ್ಟಾರ್ ಪಂದ್ಯದಲ್ಲಿ ಬೇಬ್ ರೂತ್, ಲೂ ಗೆಹ್ರಿಗ್, ಜಿಮ್ಮಿ ಫಾಕ್ಸ್, ಆಲ್ ಸಿಮನ್ಸ್, ಜೋ ಕ್ರೋನಿನ್, ಐದೂ ಜನರನ್ನ ಒಬ್ಬರ ಹಿಂದೆ ಒಬ್ಬರಂತೆ ಔಟ್ ಮಾಡಿದ. ಐದೂ ಜನ ಮುಂದೆ ಹಾಲ್ ಆಫ್ ಫೇಮ್ ಸೇರಿದವರು. ಬಿಲ್ ಬಂದಿದ್ದು ತೋಳಿಗೆ. ವರ್ಷಾನುಗಟ್ಟಲೆ ತಿರುಚಿ ತಿರುಚಿ, ಹಬಲ್ ಸುಮ್ಮನೆ ನಿಂತಾಗ್ಲೂ ಎಡ ಅಂಗೈ ಹೊರಮುಖ ಆಗಿರ್ತಿತ್ತು.

1981ರಲ್ಲಿ ಅದೇ ಎಸೆತ ಹಿಡ್ಕೊಂಡು ಬಂದವನು ಮೆಕ್ಸಿಕೋದ ಫರ್ನಾಂಡೋ ವಾಲೆನ್ಜುವೆಲಾ. ವಯಸ್ಸು ಇಪ್ಪತ್ತು, ಅಂದ್ರೆ ನಮ್ಮದೇ ವಯಸ್ಸು. ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ ಆ ಸೀಸನ್‌ನ ಮೊದಲ ಎಂಟೂ ಪಂದ್ಯ ಗೆದ್ದ. ಎಸೆಯೋ ಮುಂಚೆ ಒಂದು ಕ್ಷಣ ಆಕಾಶ ನೋಡ್ತಿದ್ದ. ಆ ತಂಡದ ಸ್ಟೇಡಿಯಂ ಇರೋ ಜಾಗದಿಂದ 1950ರ ದಶಕದಲ್ಲಿ ಮೆಕ್ಸಿಕನ್ ಮೂಲದ ಕುಟುಂಬಗಳನ್ನ ಎಬ್ಬಿಸಿ ಕಳಿಸಿದ್ರು. ಆ ಸಿಟ್ಟಿಗೆ ಸ್ಟೇಡಿಯಂ ಕಡೆ ತಲೆ ಹಾಕದೇ ಇದ್ದವರು ಎಷ್ಟೋ ಜನ ಈ ಹುಡುಗನಿಗೋಸ್ಕರ ಟಿಕೆಟ್ ತಗೊಂಡ್ರು. ಇವತ್ತು ಸ್ಕ್ರೂಬಾಲ್ ಎಸೆಯೋರು ಇಲ್ಲವೇ ಇಲ್ಲ ಅನ್ನಬಹುದು. ಗೇಮ್‌ನಲ್ಲಿ ಮಾತ್ರ ಒಂದು ಬಟನ್ ದೂರ. ನನ್ನ ಲಿಸ್ಟ್‌ನಲ್ಲಿ ಇದು ಖಾಯಂ.

ಭಾಗ 5: ಮೊಣಕೈ ಲೆಕ್ಕ

ಗೇಮ್‌ನಲ್ಲಿ ಪಿಚರ್ ಸುಸ್ತಾದ್ರೆ ಎನರ್ಜಿ ಪಟ್ಟಿ ಇಳಿಯುತ್ತೆ, ನಾಲ್ಕೈದು ದಿನ ರೆಸ್ಟ್ ಕೊಟ್ರೆ ಮತ್ತೆ ತುಂಬುತ್ತೆ. ನಿಜವಾದ ಮೊಣಕೈ ಒಳಗೆ ಒಂದು ಸಣ್ಣ ಲಿಗಮೆಂಟ್ ಇದೆ, ಅದು ಹರಿದ್ರೆ ತಾನಾಗಿ ತುಂಬಲ್ಲ. 1974ರವರೆಗೂ ಹರೀತು ಅಂದ್ರೆ ಕೆರಿಯರ್ ಮುಗೀತು ಅಂತ. ಆ ವರ್ಷ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಅನ್ನೋ ಪಿಚರ್‌ಗೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಮೊಣಕೈಗೆ ಕಟ್ಟಿದ್ರು. ಅವನು ವಾಪಸ್ ಬಂದು 1989ರವರೆಗೂ ಆಡಿದ. ಆಪರೇಷನ್ನಿಗೆ ಅವನ ಹೆಸರೇ ಉಳೀತು.

ಬ್ರೂಸ್ ಸಟರ್ ಕತೆ ಅದಕ್ಕೂ ಸ್ವಲ್ಪ ಹಿಂದಿನದು. ಕಬ್ಸ್‌ನ ಕೆಳ ಹಂತದ ತಂಡದಲ್ಲಿದ್ದ ಹುಡುಗ, ಮೊಣಕೈ ನೋವು. ತಂಡಕ್ಕೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಹೇಳದೇ, ಸ್ವಂತ ದುಡ್ಡಲ್ಲಿ ಆಪರೇಷನ್ ಮಾಡಿಸ್ಕೊಂಡ. ಗುಣ ಆದ್ಮೇಲೆ ಹಳೇ ವೇಗ ಬರ್ಲಿಲ್ಲ. 1973ರಲ್ಲಿ ಕೋಚ್ ಫ್ರೆಡ್ ಮಾರ್ಟಿನ್, ತೋರುಬೆರಳು ನಡುಬೆರಳು ಅಗಲಿಸಿ ಮಧ್ಯೆ ಚೆಂಡು ಸಿಕ್ಕಿಸಿ ಎಸೆಯೋದನ್ನ ಹೇಳಿಕೊಟ್ಟ. ಅದೇ ಸ್ಪ್ಲಿಟರ್. ಫಾಸ್ಟ್‌ಬಾಲ್ ಥರ ಬಂದು ಬ್ಯಾಟ್ ಹತ್ತಿರ ನೆಲ ಕಳಚಿದ ಹಾಗೆ ಬೀಳುತ್ತೆ. ಸಟರ್ 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಆರ್.ಎ. ಡಿಕಿ ಕತೆ ಕೇಳಿದ್ರೆ ಅಕೌಂಟ್ಸ್ ಮೇಷ್ಟ್ರೂ ಸುಮ್ಮನಾಗ್ತಾರೆ. 1996ರಲ್ಲಿ ಟೆಕ್ಸಾಸ್ ರೇಂಜರ್ಸ್ ಅವನಿಗೆ 8,10,000 ಡಾಲರ್ ಕೊಡೋದಾಗಿ ಹೇಳಿತ್ತು. ಒಂದು ಪತ್ರಿಕೆಯ ಮುಖಪುಟದ ಫೋಟೋದಲ್ಲಿ ಅವನ ಬಲಗೈ ಏನೋ ವಿಚಿತ್ರವಾಗಿ ತೂಗ್ತಿದೆ ಅಂತ ತಂಡದ ಕಡೆಯವರ ಕಣ್ಣಿಗೆ ಬಿತ್ತು. ಪರೀಕ್ಷೆ ಮಾಡಿದ್ರೆ, ಎಲ್ಲರಿಗೂ ಹರಿಯೋ ಆ ಲಿಗಮೆಂಟ್ ಇವನ ಮೊಣಕೈಯಲ್ಲಿ ಇಲ್ಲವೇ ಇಲ್ಲ! ಆಫರ್ 75,000ಕ್ಕೆ ಇಳೀತು. ಅದನ್ನೇ ಒಪ್ಪಿಕೊಂಡು, ವರ್ಷಗಟ್ಟಲೆ ಮೇಲಿನ ತಂಡಕ್ಕೂ ಕೆಳಗಿನ ತಂಡಕ್ಕೂ ಓಡಾಡಿ, ಕೊನೆಗೆ ನಕಲ್‌ಬಾಲ್ ಹಿಡಿದ. ಉಗುರ ತುದಿಯಲ್ಲಿ ಒತ್ತಿ, ಚೆಂಡು ತಿರುಗದ ಹಾಗೆ ಎಸೆಯೋದು. ಎಲ್ಲಿಗೆ ಹೋಗುತ್ತೆ ಅಂತ ಎಸೆದವನಿಗೂ ಗೊತ್ತಿರಲ್ಲ. 2012ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ 20 ಗೆಲುವು, ಆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ. ನಕಲ್‌ಬಾಲ್ ನಂಬಿ ಆಡಿದ ಪಿಚರ್‌ಗೆ ಅದು ಸಿಕ್ಕಿದ್ದು ಅದೇ ಮೊದಲು.

ಇತ್ತೀಚಿನದು ನಿಮಗೂ ಗೊತ್ತಿರುತ್ತೆ. 2023ರ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಫೈನಲ್‌ನ ಕೊನೇ ಚೆಂಡು: ಶೋಹೇ ಓಟಾನಿ ಸ್ವೀಪರ್ ಎಸೆದು, ತನ್ನದೇ ಕ್ಲಬ್ಬಿನ ಮೈಕ್ ಟ್ರೌಟ್‌ನ ಔಟ್ ಮಾಡಿ ಜಪಾನ್‌ಗೆ ಕಪ್ ಕೊಡಿಸಿದ. ಆ ಕ್ಲಿಪ್ ಸಾವಿರ ಸಲ ಓಡಿದೆ. ಅದೇ ಆಗಸ್ಟ್‌ನಲ್ಲಿ ಅವನ ಮೊಣಕೈ ಲಿಗಮೆಂಟ್ ಹರಿದಿದ್ದು ಅಷ್ಟಾಗಿ ಓಡಲಿಲ್ಲ.

ಭಾಗ 6: ಪೇಜ್

ಸ್ಯಾಚೆಲ್ ಪೇಜ್ ತನ್ನ ಎಸೆತಗಳಿಗೆ ತಾನೇ ಹೆಸರಿಡ್ತಿದ್ದ: ಬೀ ಬಾಲ್, ಮಿಡ್‌ನೈಟ್ ಕ್ರೀಪರ್, ಹೀಗೆ. ಒಬ್ಬನೇ ಒಂದು ಮೆನು. ಕಪ್ಪು ಆಟಗಾರ ಅನ್ನೋ ಕಾರಣಕ್ಕೆ ಮೇಜರ್ ಲೀಗ್ ಬಾಗಿಲು ಮುಚ್ಚಿತ್ತು. ನೀಗ್ರೋ ಲೀಗ್‌ಗಳಲ್ಲಿ, ಊರೂರು ಸುತ್ತಿ, ವಯಸ್ಸೆಲ್ಲ ಆಡಿ ಕಳೆದ. ಕ್ಲೀವ್‌ಲ್ಯಾಂಡ್ ಕರೆದಾಗ 1948, ಅವನಿಗೆ 42. ಆ ಸೀಸನ್ನಿನಲ್ಲಿ ಆರು ಗೆದ್ದ, ಒಂದು ಸೋತ. ಅವನ 'ಹೆಸಿಟೇಷನ್ ಪಿಚ್' ಅಂದ್ರೆ ಕಾಲು ಮುಂದಿಟ್ಟು, ಒಂದು ಕ್ಷಣ ಕೈ ತಡೆದು, ಬ್ಯಾಟರ್ ಮುಂದಕ್ಕೆ ವಾಲಿದ ಮೇಲೆ ಬಿಡೋದು. ಅಮೆರಿಕನ್ ಲೀಗ್ ಅಧ್ಯಕ್ಷ ವಿಲ್ ಹ್ಯಾರಿಡ್ಜ್ ಅದು ನಿಯಮಬಾಹಿರ ಅಂದುಬಿಟ್ಟ. ಬರೋಕೆ ಇಪ್ಪತ್ತು ವರ್ಷ ಕಾಯಿಸಿ, ಬಂದ ಮೇಲೆ ಎಸೆತವನ್ನೂ ಕಿತ್ಕೊಂಡ್ರು. ನನಗೆ ಇದಕ್ಕಿಂತ ಸಣ್ಣತನದ ತೀರ್ಪು ಆ ಆಟದಲ್ಲಿ ಕಾಣಲ್ಲ. 1965ರಲ್ಲಿ, 59ನೇ ವಯಸ್ಸಲ್ಲಿ, ಪೇಜ್ ಕಾನ್ಸಸ್ ಸಿಟಿ ಪರ ಒಂದು ಪಂದ್ಯಕ್ಕೆ ಬಂದು ಮೂರು ಇನ್ನಿಂಗ್ಸ್ ಒಂದು ರನ್ನೂ ಕೊಡದೇ ಎಸೆದು ಹೋದ.

'ದಿ ಶೋ 23'ರಲ್ಲಿ ನೀಗ್ರೋ ಲೀಗ್ ಆಟಗಾರರ ಕತೆಗಳನ್ನ ಆಡಬಹುದಾದ ಅಧ್ಯಾಯಗಳಾಗಿ ಸೇರಿಸಿದ್ರು, ಪೇಜ್ ಅದರಲ್ಲಿದ್ದಾನೆ. ಕತೆ ಹೇಳೋದು ಆ ಲೀಗ್‌ಗಳ ಮ್ಯೂಸಿಯಂ ಅಧ್ಯಕ್ಷ ಬಾಬ್ ಕೆಂಡ್ರಿಕ್. ಗೇಮ್ ಇರೋರು ಉಳಿದಿದ್ದೆಲ್ಲ ಬಿಟ್ಟು ಮೊದಲು ಅದನ್ನ ಆಡಿ.

ಸದ್ಯಕ್ಕೆ ನನ್ನ ಪಿಚರ್ ಕೈಲಿರೋದು: ಬ್ರೌನ್‌ಗೋಸ್ಕರ ಕರ್ವ್, ಫರ್ನಾಂಡೋಗೋಸ್ಕರ ಸ್ಕ್ರೂಬಾಲ್, ಸಟರ್‌ಗೋಸ್ಕರ ಸ್ಪ್ಲಿಟರ್, ಜೊತೆಗೆ ಮಾಮೂಲಿ ಫಾಸ್ಟ್‌ಬಾಲ್. ನಕಲ್‌ಬಾಲ್‌ನ ಹೇಗಾದ್ರೂ ತೂರಿಸಬೇಕು ಅಂತ ನೋಡ್ತಿದೀನಿ, ನಂಬರ್ ನೋಡೋ ಗೆಳೆಯರು ಬೇಡ ಅಂತಿದಾರೆ. ನೀವಾದ್ರೆ ಯಾವುದನ್ನ ಬಿಡ್ತಿದ್ರಿ, ಹೇಳಿ.