ಪಿಕಪ್‌ಗೆ ಹೊಸ ಸೌಂಡ್ ಸಿಸ್ಟಂ: ಹಾಕಿಸೋ ಮುನ್ನ ಇದು ಗೊತ್ತಿರಲಿ

ನಂದಗುಡಿ: ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿಯಲ್ಲಿ ತರಕಾರಿ, ಹಾಲು ಸಾಗಿಸುವ ಪಿಕಪ್‌ಗೆ ದೊಡ್ಡ ಸೌಂಡ್ ಸಿಸ್ಟಂ ಹಾಕಿಸುವವರು ಸ್ಪೀಕರ್‌ಗಿಂತ ಮೊದಲು ವೈರಿಂಗ್ ನೋಡಬೇಕು.

ವೈರಿಂಗ್: ಸಣ್ಣ ಪಿಕಪ್‌ಗಳ ಬ್ಯಾಟರಿ 12 ವೋಲ್ಟ್. 200 ವಾಟ್ ಎಳೆಯುವ ಆಂಪ್ಲಿಫೈಯರ್‌ಗೆ ಸುಮಾರು 17 ಆಂಪಿಯರ್ ಕರೆಂಟ್ ಬೇಕು. ಸ್ಟೀರಿಯೋದ ಸಣ್ಣ ವೈರ್‌ಗೇ ಜೋಡಿಸಿದರೆ ಅದು ಕಾದು ಬೆಂಕಿ ಹತ್ತಬಹುದು. ಬ್ಯಾಟರಿಯಿಂದಲೇ ದಪ್ಪ ತಾಮ್ರದ ವೈರ್ ಎಳೆಸಿ, ಬ್ಯಾಟರಿಯಿಂದ ಒಂದು ಅಡಿಯೊಳಗೆ ಫ್ಯೂಸ್ ಹಾಕಿಸಿ. ವೈರ್ ತಗಡಿನ ತೂತು ದಾಟುವ ಕಡೆ ರಬ್ಬರ್ ಬುಷ್ ಇರಲಿ; ಉಜ್ಜಿ ಶಾರ್ಟ್ ಆಗೋದು ಅಲ್ಲೇ.

ಸ್ಪೀಕರ್: 4 ಓಮ್‌ನ ಎರಡನ್ನು ಪ್ಯಾರಲಲ್ ಕೊಟ್ಟರೆ 2 ಓಮ್ ಆಗುತ್ತೆ. ಆಂಪ್ಲಿಫೈಯರ್ ಅದನ್ನು ತಡೆಯುತ್ತಾ ಅಂತ ಅಂಗಡಿಯವರನ್ನು ಮೊದಲೇ ಕೇಳಿ.

ಬ್ಯಾಟರಿ: ಮಾರ್ಕೆಟ್‌ನಲ್ಲಿ ಕಾಯುವಾಗ ಇಂಜಿನ್ ಆಫ್ ಮಾಡಿ ಜೋರಾಗಿ ಹಾಡು ಹಾಕಿದರೆ ಬ್ಯಾಟರಿ ಇಳಿದು ಗಾಡಿ ತಳ್ಳಬೇಕಾದೀತು. ಆಮೇಲೆ ಮಾಲು ತಲುಪೋದೂ ತಡ.

ಕಾನೂನು: ಗಾಡಿ ಮೇಲೆ ಲೌಡ್‌ಸ್ಪೀಕರ್ ಕಟ್ಟಿ ವ್ಯಾಪಾರ ಮಾಡುವುದಾದರೆ, 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬೀದಿಯಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ.

ಕ್ಯಾಬಿನ್ ಒಳಗೂ ಹಿಂದಿನ ಗಾಡಿಯ ಹಾರ್ನ್ ಕೇಳಿಸುವಷ್ಟೇ ಸೌಂಡ್ ಇರಲಿ.